ಹೊಸ ಚಷ್ಮಾದ ಹದಿನೈದು ದಿನ

ಬೀದರ್, ಭಾಲ್ಕಿ, ಔರಾದ ಕಡೆಯ ಮನೆಗಳಲ್ಲಿ ಡಬ್ಬಿಯೊಳಗೆ ಮಡಚಿಟ್ಟ ಚಷ್ಮಾ ಸಿಗುವುದು ಅಪರೂಪವೇನಲ್ಲ. ಕೆಲವು ದುಡ್ಡು ಕೊಟ್ಟು ಮಾಡಿಸಿದವು, ಕೆಲವು ಶಿಬಿರದಲ್ಲಿ ಪುಕ್ಕಟೆ ಬಂದವು. ನಾಲ್ಕು ದಿನ ಮೂಗಿನ ಮೇಲಿದ್ದು ಐದನೆಯ ದಿನ ಕಪಾಟು ಸೇರಿದಂಥವು. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ ಬಗೆಯವು: ‘ಹಾಕ್ಕೊಂಡ್ರ ಚಕ್ಕರ್ ಬರ್ತದ’, ‘ನೆಲಾ ಮ್ಯಾಲ ಎದ್ದಂಗ ಕಾಣ್ತದ’, ‘ನಂಬರ್ ಕೂಡಿಲ್ಲ’. ಇದನ್ನು ಕೇಳಿದ ಅಂಗಡಿಯವರು ‘ರೂಢಿ ಆಗ್ತದ ಕಾಕಾ, ಹಾಕ್ಕೊಳ್ರಿ’ ಎಂದು ಕಳಿಸುತ್ತಾರೆ. ಮನೆಯವರು ‘ಹಟ ಮಾಡಬ್ಯಾಡ್ರಿ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ದೂರು ಹೇಳಿದವರನ್ನು ಪೂರ್ತಿ ನಂಬಿದ ಲಕ್ಷಣ ಕಾಣುವುದಿಲ್ಲ. ನನ್ನ ಮಟ್ಟಿಗೆ ಆ ದೂರು ಅಕ್ಷರಶಃ ನಿಜ. ನೆಲ ಎದ್ದಂತೆ ಕಾಣುವುದಕ್ಕೆ ಗಾಜಿನಲ್ಲಿ ಒಂದು ಕಾರಣವಿದೆ, ಮೆದುಳಿನಲ್ಲಿ ಇನ್ನೊಂದು ಕಾರಣವಿದೆ. ಎಡವಟ್ಟಾಗುವುದು ಆ ದೂರಿನಿಂದ ‘ಚಷ್ಮಾ ನಮಗೆ ಆಗಿಬರೋದಿಲ್ಲ’ ಎಂಬ ತೀರ್ಮಾನಕ್ಕೆ ಹಾರುವಾಗ. ಕಣ್ಣು ಪರೀಕ್ಷಿಸಿ, ಗಾಜು ಕೂರಿಸಿ, ಚಷ್ಮಾ ಕೈಗೆ ಕೊಟ್ಟಾಗ ಕೆಲಸ ಅರ್ಧ ಮಾತ್ರ ಮುಗಿದಿರುತ್ತದೆ. ಉಳಿದರ್ಧ ನಡೆಯಬೇಕಾದದ್ದು ಮುಂದಿನ ಹತ್ತು ಹದಿನೈದು ದಿನಗಳಲ್ಲಿ, ಹಾಕಿಕೊಂಡವರ ತಲೆಯೊಳಗೆ. ಆ ಅರ್ಧದ ಬಗ್ಗೆ ವಿವರವಾಗಿ ತಿಳಿಸಿ ಹೇಳುವವರು ನಮ್ಮ ಕಡೆ ಬಹಳ ಕಡಿಮೆ.

ಇದು ಬರೀ ಬೀದರಿನ ಮಾತಲ್ಲ ಎನ್ನುವುದಕ್ಕೆ ಪಕ್ಕದ ಸೀಮೆಯಲ್ಲೇ ಪುರಾವೆ ಇದೆ. ಕಣ್ಣಿನ ತೊಂದರೆ ದೊಡ್ಡದಾದರೆ ನಮ್ಮ ಜನ ಬಸ್ಸು ಹತ್ತುವುದು ಹೈದರಾಬಾದಿಗೆ. ಅಲ್ಲಿಯ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ 1996ರಿಂದ 2000ದವರೆಗೆ ಅಂದಿನ ಆಂಧ್ರಪ್ರದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಕಣ್ಣು ಪರೀಕ್ಷಿಸಿತು. ಹೈದರಾಬಾದ್ ನಗರ, ಆದಿಲಾಬಾದ್, ಮಹಬೂಬ್‌ನಗರ, ಪಶ್ಚಿಮ ಗೋದಾವರಿ ಸೀಮೆಯ ಜನ ಅದರಲ್ಲಿದ್ದರು. ಮೊದಲು ಚಷ್ಮಾ ಹಾಕುತ್ತಿದ್ದು ಆಮೇಲೆ ಬಿಟ್ಟವರನ್ನು ಕಾರಣ ಕೇಳಿದಾಗ ಶೇ. 40ಕ್ಕೂ ಹೆಚ್ಚು ಮಂದಿ ಹೇಳಿದ್ದು, ನಂಬರ್ ಸರಿಯಿಲ್ಲ ಅಥವಾ ಹಾಕಿಕೊಂಡರೆ ಹಿತವಿಲ್ಲ ಎಂದು. ಕಳೆದುಹೋಯಿತು, ಮತ್ತೆ ಕೊಳ್ಳಲು ದುಡ್ಡಿಲ್ಲ ಎಂದವರು ಅದರ ಅರ್ಧದಷ್ಟೂ ಇರಲಿಲ್ಲ. ಬಡತನವೇ ದೊಡ್ಡ ಅಡ್ಡಿ ಎಂದು ನಾವೆಲ್ಲ ನಂಬಿರುವಾಗ ಈ ಲೆಕ್ಕ ಕಣ್ತೆರೆಸುವಂಥದ್ದು. ಒಮ್ಮೆ ದುಡ್ಡು ಹೊಂದಿಸಿ, ದಾರಿ ಸವೆಸಿ, ಚಷ್ಮಾ ಮಾಡಿಸಿಕೊಂಡವರೇ ಅದನ್ನು ಕೈಬಿಟ್ಟಿದ್ದರು. ಅವರಲ್ಲಿ ಎಷ್ಟು ಮಂದಿಯ ನಂಬರ್ ನಿಜಕ್ಕೂ ತಪ್ಪಿತ್ತು, ಎಷ್ಟು ಮಂದಿ ಇನ್ನೊಂದು ವಾರ ತಡೆದಿದ್ದರೆ ಒಗ್ಗಿಹೋಗುತ್ತಿದ್ದರು ಎಂಬುದನ್ನು ಅವರೇ ಬೇರ್ಪಡಿಸಿ ಹೇಳಲಾರರು. ಎರಡೂ ಮೊದಲ ದಿನ ಒಂದೇ ಥರ ಅನ್ನಿಸುತ್ತವೆ.

ಮೊದಲು ಗಾಜಿನ ಕಾರಣ ನೋಡೋಣ. ಪ್ಲಸ್ ನಂಬರಿನ ಗಾಜು ನೋಟವನ್ನು ಸ್ಪಷ್ಟ ಮಾಡುವುದರ ಜೊತೆಗೆ ತುಸು ದೊಡ್ಡದೂ ಮಾಡುತ್ತದೆ. ಮೈನಸ್ ಗಾಜು ಚಿಕ್ಕದು ಮಾಡುತ್ತದೆ. ಒಂದೊಂದು ನಂಬರಿಗೆ ಇದು ಶೇ. 1.5ರಿಂದ 2ರಷ್ಟು. ಹೇಳುವುದಕ್ಕೆ ಅಲ್ಪ, ಆದರೆ ಹೆಜ್ಜೆ ಇಡುವಾಗ ಅಲ್ಪವಲ್ಲ. ಪ್ಲಸ್ ಹಾಕಿದವರಿಗೆ ಮೆಟ್ಟಿಲು ಇರುವುದಕ್ಕಿಂತ ಹತ್ತಿರ ಬಂದಂತೆ, ಮೈನಸ್ ಹಾಕಿದವರಿಗೆ ಕೆಳಗೆ ಹೋದಂತೆ ಕಾಣುತ್ತದೆ. ಸಿಲಿಂಡರ್ ನಂಬರ್ ಇದ್ದರಂತೂ ಗಾಜು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಹಿಗ್ಗಿಸುತ್ತದೆ. ಆ ದಿಕ್ಕು, ಅಂದರೆ ಆಕ್ಸಿಸ್, ಓರೆಯಾಗಿದ್ದರೆ ಬಾಗಿಲ ಚೌಕಟ್ಟು ಒಂದು ಕಡೆಗೆ ವಾಲುತ್ತದೆ, ಮೇಜಿನ ಒಂದು ಮೂಲೆ ಎತ್ತರವಾಗುತ್ತದೆ. ಹೊಸ ಸಿಲಿಂಡರ್ ಗಾಜು ಹಾಕಿಕೊಂಡು ಬೀದರಿನ ಹಳೆ ಪೇಟೆಯಲ್ಲಿ ನಿಂತು ಚೌಬಾರಾದತ್ತ ನೋಡಿದವರಿಗೆ ಆ ದುಂಡು ಬುರುಜಿನ ಅಂಚು ಬಾಗಿದಂತೆ ತೋರಬಹುದು. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಮಿನಾರು ಯಾವುದೋ ಒಂದು ಬದಿಗೆ ಒಲೆದಂತೆ ಅನ್ನಿಸಬಹುದು. ಎರಡೂ ಕಣ್ಣಿನ ಆಕ್ಸಿಸ್ ಬೇರೆಬೇರೆ ಇದ್ದರೆ ಎರಡು ನೋಟಗಳು ಎರಡು ರೀತಿ ವಾಲಿ, ಅವನ್ನು ಕೂಡಿಸಿ ಒಂದು ಮಾಡುವ ಮೆದುಳು ನೆಲವನ್ನೇ ಇಳಿಜಾರು ಮಾಡಿಬಿಡುತ್ತದೆ. ‘ನೆಲಾ ಎದ್ದಂಗ ಕಾಣ್ತದ’ ಎನ್ನುವ ಅಜ್ಜಿ ಕನ್ನಡಿಯಷ್ಟು ಸ್ಪಷ್ಟವಾಗಿ ತನಗೆ ಕಂಡದ್ದನ್ನೇ ಹೇಳುತ್ತಿದ್ದಾಳೆ.

ಮೆದುಳಿನ ಕಾರಣ ಇನ್ನೂ ಸ್ವಾರಸ್ಯದ್ದು. ನಾವು ನಡೆಯುವಾಗ, ತಿರುಗಿ ನೋಡುವಾಗ, ಬಸ್ಸಿನಲ್ಲಿ ಕುಲುಕಾಡುವಾಗ ತಲೆ ಸುಮ್ಮನಿರುವುದಿಲ್ಲ. ಆದರೂ ಎದುರಿನ ಜಗತ್ತು ಅಲ್ಲಾಡದೆ ನಿಂತಂತೆ ಕಾಣುತ್ತದೆ. ಕಾರಣ, ತಲೆ ಬಲಕ್ಕೆ ಹೊರಳಿದಷ್ಟೇ ಅಳತೆಯಲ್ಲಿ ಕಣ್ಣುಗುಡ್ಡೆ ಎಡಕ್ಕೆ ಹೊರಳುತ್ತದೆ. ತಲೆ ಎಷ್ಟು ತಿರುಗಿತು ಎಂಬ ಸುದ್ದಿ ಒಳಕಿವಿಯಿಂದ ಹೊರಟು ಕಣ್ಣಿನ ಸ್ನಾಯುವಿಗೆ ಮುಟ್ಟಲು ಬೇಕಾಗುವುದು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು. ಯೋಚಿಸಿ ಮಾಡುವ ಕೆಲಸವಲ್ಲ ಅದು. ವರ್ಷಗಟ್ಟಲೆ ನಡೆದು ಕೂತ ಲೆಕ್ಕ. ಈಗ ಮೂರು ನಂಬರಿನ ಪ್ಲಸ್ ಗಾಜು ಮಧ್ಯೆ ಬಂತೆನ್ನಿ. ತಲೆ 20 ಡಿಗ್ರಿ ತಿರುಗಿದಾಗ ಕಣ್ಣು 21–22 ಡಿಗ್ರಿ ಹೊರಳಿದರಷ್ಟೇ ನೋಟ ನಿಲ್ಲುತ್ತದೆ. ಹಳೆಯ ಲೆಕ್ಕದಂತೆ 20ಕ್ಕೇ ನಿಂತ ಕಣ್ಣಿಗೆ ಎದುರಿನ ಗೋಡೆ ತುಸು ಜಾರುತ್ತದೆ. ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಘಾಟಿಯ ಬಸ್ಸಿನಲ್ಲಿ ವಾಕರಿಕೆ ತರುವುದೂ ಈ ಬಗೆಯ ತಕರಾರೇ. ಹೊಸ ಚಷ್ಮಾದ ಚಕ್ಕರ್ ಹುಟ್ಟುವುದು ಇಲ್ಲಿ. ಈ ಲೆಕ್ಕವನ್ನು ತಿದ್ದಿ ಬರೆಯುವ ಶಕ್ತಿ ಕಿರುಮೆದುಳಿಗಿದೆ. ಆದರೆ ಅದಕ್ಕೆ ತಿದ್ದಲು ತಪ್ಪು ಎದುರಿಗೆ ಬರಬೇಕು: ಚಷ್ಮಾ ಹಾಕಿಕೊಂಡು ತಲೆ ತಿರುಗಿಸಬೇಕು, ಅಂಗಳದಲ್ಲಿ ಓಡಾಡಬೇಕು, ಲೋಟ ಎತ್ತಿಡಬೇಕು. ಕುರ್ಚಿಯಲ್ಲಿ ಕೂತು ಹತ್ತು ನಿಮಿಷ ಹಾಕಿ, ಚಕ್ಕರ್ ಬಂದ ಕೂಡಲೇ ತೆಗೆದಿಟ್ಟು, ಸಂಜೆ ಮತ್ತೆ ಹತ್ತು ನಿಮಿಷ ಹಾಕುವವರಿಗೆ ಈ ತಿದ್ದುಪಡಿ ಮುಗಿಯುವುದೇ ಇಲ್ಲ.

ಮೆದುಳು ಎಲ್ಲಿಯವರೆಗೆ ಒಗ್ಗಬಲ್ಲದು ಎಂಬುದನ್ನು ತೋರಿಸಿದವರು ಅಮೆರಿಕದ ಜಾರ್ಜ್ ಸ್ಟ್ರಾಟನ್. 1890ರ ದಶಕದಲ್ಲಿ ಅವರು ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಎಲ್ಲವನ್ನೂ ತಲೆಕೆಳಗು ಮಾಡುವ ಮಸೂರ ಕಟ್ಟಿಕೊಂಡು ದಿನಗಟ್ಟಲೆ ಇದ್ದರು. ಕೊನೆಗೆ ಅವರಿಗೆ ಜಗತ್ತು ನೆಟ್ಟಗೆ ಕಂಡಿತೇ ಇಲ್ಲವೇ ಎಂಬ ಚರ್ಚೆ ಇಂದಿಗೂ ಇದೆ. ಚರ್ಚೆಯಿಲ್ಲದ ಸಂಗತಿಯೆಂದರೆ, ಮೊದಲ ದಿನ ಕೈಗೆ ಸಿಗದೆ ಕಾಡಿದ ವಸ್ತುಗಳು ವಾರ ತುಂಬುವಷ್ಟರಲ್ಲಿ ಸಲೀಸಾಗಿ ಕೈಗೆ ಬಂದವು. ಅಷ್ಟು ದೊಡ್ಡ ಬದಲಾವಣೆಗೇ ದಾರಿ ಮಾಡಿಕೊಡುವ ಮೆದುಳಿಗೆ ಶೇ. 5ರ ಹಿಗ್ಗುವಿಕೆ ದೊಡ್ಡದಲ್ಲ. ಹೊಸ ಚಪ್ಪಲಿ ಕಚ್ಚಿ ಆಮೇಲೆ ಸರಿಹೋದ ಹಾಗೆ ಎಂದು ಜನ ಇದನ್ನು ಹೋಲಿಸುತ್ತಾರೆ. ಹೋಲಿಕೆ ಅರ್ಧ ಸರಿ. ಚಪ್ಪಲಿಯಲ್ಲಿ ಮೆತ್ತಗಾಗುವುದು ತೊಗಲು. ಚಷ್ಮಾದಲ್ಲಿ ಗಾಜು ಮೊದಲ ದಿನ ಹೇಗಿತ್ತೋ ಹಾಗೇ ಇರುತ್ತದೆ, ಬದಲಾಗುವವರು ನಾವು. ಹಾಗಾಗಿ ಚಷ್ಮಾವನ್ನು ಡಬ್ಬಿಯಲ್ಲಿಟ್ಟು ಹದಿನೈದು ದಿನ ಕಳೆದರೆ ಯಾವ ಉಪಯೋಗವೂ ಇಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ, ಅದನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ‘ರೂಢಿ ಆಗ್ತದ’ ಎನ್ನುವ ಮಾತು ತಪ್ಪು ನಂಬರ್ ಕೊಟ್ಟವರಿಗೂ ಒಳ್ಳೆಯ ಗುರಾಣಿಯಲ್ಲವೇ? ಹೌದು. ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯದೆ ಗಾಜು ಕೂರಿಸಿದರೆ, ಆಕ್ಸಿಸ್ ಹತ್ತು ಡಿಗ್ರಿ ಆಚೀಚೆಯಾದರೆ, ಎಡ ಬಲ ಅದಲುಬದಲಾದರೆ ಮೆದುಳಿನ ಮೇಲೆ ಭಾರ ಹಾಕುವುದು ಅನ್ಯಾಯ. ಇದರಷ್ಟೇ ದೊಡ್ಡ, ಆದರೆ ಯಾರ ಕಣ್ಣಿಗೂ ಬೀಳದ ತಪ್ಪು ಇನ್ನೊಂದಿದೆ: ಕಸುಬು ಕೇಳದಿರುವುದು. ಬಿದ್ರಿ ಕೆಲಸವನ್ನೇ ತೆಗೆದುಕೊಳ್ಳಿ. ಸತು ಮತ್ತು ತುಸು ತಾಮ್ರ ಕೂಡಿಸಿ ಎರಕ ಹೊಯ್ದ ಪಾತ್ರೆಯನ್ನು ಉಜ್ಜಿ ನಯಮಾಡಿ, ಮೈಲುತುತ್ತ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಉಳಿಯಿಂದ ಬಳ್ಳಿ, ಹೂವು, ಎಲೆ ಕೊರೆಯಬೇಕು. ಕೊರೆದ ಗೀರಿನ ಅಗಲ ಬೆಳ್ಳಿ ತಂತಿಯಷ್ಟೇ ಇರಬೇಕು. ಹೆಚ್ಚಾದರೆ ತಂತಿ ಸಡಿಲ, ಕಡಿಮೆಯಾದರೆ ಕೂರುವುದೇ ಇಲ್ಲ. ತಂತಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಿ, ಮತ್ತೆ ಉಜ್ಜಿ, ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ಲೇಪದಿಂದ ಮೈ ಕಪ್ಪಾಗಿಸಿದಾಗ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಇಷ್ಟೂ ಕೆಲಸ ನಡೆಯುವುದು ಮುಖಕ್ಕೆ ಬಲು ಹತ್ತಿರದಲ್ಲಿ. ನಲವತ್ತು ದಾಟಿದ ಕಣ್ಣಿನ ಮಸೂರ ಗಡಸಾಗಿ, ಹತ್ತಿರಕ್ಕೆ ಹೊಂದಿಕೊಳ್ಳುವ ಶಕ್ತಿ ಕುಗ್ಗುತ್ತ ಬರುತ್ತದೆ. ಆ ಶಕ್ತಿ ಪೂರ್ತಿ ಹೋದವರಿಗೆ +2.50 ಗಾಜು ಸ್ಪಷ್ಟ ತೋರಿಸುವುದು 40 ಸೆಂಟಿಮೀಟರ್ ದೂರದಲ್ಲಿ, +3.00 ತೋರಿಸುವುದು 33 ಸೆಂಟಿಮೀಟರ್ ದೂರದಲ್ಲಿ. ಪೇಪರ್ ಓದುವ ಅಳತೆಗೆ ಕೊಟ್ಟ ನಂಬರ್ ಬಿದ್ರಿ ಕುಶಲಕರ್ಮಿಗೆ ಹೊಂದುವುದಿಲ್ಲ. ಅದೇ ನಂಬರ್ ಕಂಪ್ಯೂಟರ್ ಮುಂದೆ ಕೂರುವ ಗುಮಾಸ್ತರಿಗೂ ಹೊಂದುವುದಿಲ್ಲ, ಅವರ ಪರದೆ ಇರುವುದು ಇನ್ನೂ ದೂರದಲ್ಲಿ. ಇಂಥವರು ತಿಂಗಳುಗಟ್ಟಲೆ ಕಾದರೂ ಒಗ್ಗುವ ಪ್ರಶ್ನೆಯೇ ಇಲ್ಲ. ಬೀದರಿನಂಥ ಊರಿನಲ್ಲಿ ಕಣ್ಣು ಪರೀಕ್ಷಿಸುವವರು ಹೆಸರು, ವಯಸ್ಸು ಕೇಳಿದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ ‘ಏನು ಕೆಲಸ ಮಾಡ್ತೀರಿ, ಎಷ್ಟು ಹತ್ತಿರ ಹಿಡಿದು ಮಾಡ್ತೀರಿ’ ಎಂಬುದು.

ಹಾಗಾದರೆ ಒಗ್ಗುವ ತೊಂದರೆ ಯಾವುದು, ತಪ್ಪು ನಂಬರ್ ಯಾವುದು ಎಂದು ಹಾಕಿಕೊಂಡವರೇ ಗುರುತಿಸುವ ದಾರಿಯಿದೆಯೇ? ಬಹುಮಟ್ಟಿಗೆ ಇದೆ. ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು. ದೂರದ ಬೋರ್ಡು ಎರಡೂ ಕಣ್ಣಿಗೆ ಬೇರೆಬೇರೆಯಾಗಿ ಸ್ಪಷ್ಟವಿದ್ದು, ನಡೆಯುವಾಗ ಮಾತ್ರ ನೆಲ ಓಲಾಡಿದರೆ ಅದು ಸಾಮಾನ್ಯವಾಗಿ ಒಗ್ಗುವ ತೊಂದರೆ. ದಿನದಿಂದ ದಿನಕ್ಕೆ ಇಳಿಯುತ್ತದೆ. ಒಂದು ಕಣ್ಣಿಗೆ ಎಲ್ಲ ಮಬ್ಬಾಗಿಯೇ ಇದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ತಲೆನೋವು ಇಳಿಯುವ ಬದಲು ಏರುತ್ತ ಹೋದರೆ, ಎರಡು ವಾರವಾದರೂ ಮೊದಲ ದಿನದಂತೆಯೇ ಇದ್ದರೆ ಚಷ್ಮಾ ವಾಪಸ್ ಒಯ್ಯಬೇಕು. ಇನ್ನೊಂದು ಸಂಗತಿ, ಫ್ರೇಮು ಜಾರುವುದು. ನಮ್ಮ ಬೇಸಗೆಯ ಬೆವರಿಗೆ ಮೂಗಿನ ಮೇಲಿಂದ ಚಷ್ಮಾ ಇಳಿದು ಕೂತರೆ ಗಾಜು ಕಣ್ಣಿನಿಂದ ದೂರ ಸರಿದು ನಂಬರಿನ ಪರಿಣಾಮವೇ ಬದಲಾಗುತ್ತದೆ. ಗಾಜಿನ ಮೇಲೆ ಬರುವ ಎಷ್ಟೋ ದೂರುಗಳಿಗೆ ಮೂಲ ಸಡಿಲ ಕಾಡಿ.

ಎರಡನೆಯ ಆಕ್ಷೇಪ ವಯಸ್ಸಾದವರದು. ಎಪ್ಪತ್ತು ದಾಟಿದವರಿಗೆ ‘ದಿನವಿಡೀ ಹಾಕ್ಕೊಂಡು ಓಡಾಡ್ರಿ, ಒಗ್ಗತದ’ ಎಂದರೆ ಬಿದ್ದು ಸೊಂಟ ಮುರಿದುಕೊಂಡಾರು. ಈ ಭಯಕ್ಕೆ ಪುರಾವೆಯೂ ಇದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಎಪ್ಪತ್ತು ವರ್ಷ ಮೀರಿದ 616 ಮಂದಿ ನಿಶ್ಶಕ್ತರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧ ಮಂದಿಗೆ ಕಣ್ಣು ಪರೀಕ್ಷಿಸಿ ಬೇಕಾದವರಿಗೆ ಹೊಸ ಚಷ್ಮಾ ಕೊಟ್ಟರು. ಬೀಳುವುದು ಕಡಿಮೆಯಾದೀತೆಂದು ಕಾದರೆ ಹೆಚ್ಚಾಗಿತ್ತು: ವರ್ಷದಲ್ಲಿ ಒಮ್ಮೆಯಾದರೂ ಬಿದ್ದವರು ಆ ಗುಂಪಿನಲ್ಲಿ ಶೇ. 65, ಇನ್ನೊಂದರಲ್ಲಿ ಶೇ. 50. ನಂಬರ್ ಒಮ್ಮೆಲೇ ದೊಡ್ಡದಾಗಿ ಬದಲಾದದ್ದು ಒಂದು ಕಾರಣವಿರಬೇಕೆಂದು ಸಂಶೋಧಕರು ಊಹಿಸಿದರು. ನನ್ನ ವಾದವನ್ನು ಇದು ಒಡೆಯುವುದಿಲ್ಲ, ಗಟ್ಟಿಗೊಳಿಸುತ್ತದೆ. ಒಗ್ಗುವ ದಿನಗಳು ನಿಜವಾದ ದಿನಗಳು, ಅವುಗಳಲ್ಲಿ ಅಪಾಯವೂ ಇದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಆದರೆ ಎಲ್ಲರಿಗೂ ಒಂದೇ ಸಲಹೆ ಸಲ್ಲದು ಎಂದು ಒಪ್ಪಲೇಬೇಕಾಗುತ್ತದೆ. ವಯಸ್ಸಾದವರಿಗೆ ನಂಬರ್ ಹಂತಹಂತವಾಗಿ ಏರಿಸುವುದು ಮೇಲು. ಬೈಫೋಕಲ್‌ನ ಕೆಳಭಾಗ ಓದುವುದಕ್ಕೆಂದು ಮಾಡಿದ್ದು. ಅದರ ಮೂಲಕ ಕಾಲ ಬುಡದ ಮೆಟ್ಟಿಲು ನೋಡಿದರೆ ಮಬ್ಬು ಮಬ್ಬು. ಬಸ್ಸಿನ ಪಾವಟಿಗೆ ಇಳಿಯುವಾಗ ಗದ್ದ ಎದೆಗೆ ತಾಗುವಂತೆ ತಲೆ ಬಗ್ಗಿಸಿ ಮೇಲಿನ ಗಾಜಿನಿಂದಲೇ ನೋಡಬೇಕು. ಬರೀ ಹತ್ತಿರದ ನಂಬರಿನ ಚಾಳೀಸು ಹಾಕಿಕೊಂಡು ನಡೆಯಲೇಬಾರದು, ಅದಕ್ಕೆ ಒಗ್ಗುವುದೂ ಬೇಕಿಲ್ಲ. ಹೆಚ್ಚು ಹೊರಗೆ ಓಡಾಡುವ ಮುದುಕರಿಗೆ ದೂರದ್ದೊಂದು, ಓದುವುದಕ್ಕೊಂದು ಎಂದು ಎರಡು ಚಷ್ಮಾ ಕೊಡುವುದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಗಾಡಿ ಓಡಿಸುವವರು, ಏಣಿ ಹತ್ತುವವರು, ಬಾವಿ ಕಟ್ಟೆಯ ಹತ್ತಿರ ಕೆಲಸ ಇರುವವರು ಮೊದಲ ಎರಡು ಮೂರು ದಿನ ಮನೆಯಲ್ಲೇ ರೂಢಿ ಮಾಡಿಕೊಳ್ಳುವುದು ಬುದ್ಧಿವಂತಿಕೆ.

ಮೂರನೆಯದು ಎಲ್ಲ ಕಡೆ ಕೇಳುವ ಮಾತು: ಹಾಕಿಕೊಂಡರೆ ನಂಬರ್ ಏರುತ್ತದೆ, ಕಣ್ಣು ಸೋಮಾರಿಯಾಗುತ್ತದೆ. ಹತ್ತಿರದ ನಂಬರ್ ನಲವತ್ತರಲ್ಲಿ ಒಂದಿದ್ದದ್ದು ಅರವತ್ತರ ಹೊತ್ತಿಗೆ ಎರಡೂವರೆ ಆಗುವುದು ನಿಜ, ಆದರೆ ಅದು ಚಷ್ಮಾ ಹಾಕದವರಿಗೂ ಆಗುತ್ತದೆ. ಮಸೂರಕ್ಕೆ ವಯಸ್ಸಾಗುವುದನ್ನು ಯಾರೂ ತಡೆಯಲಾರರು. ಮಕ್ಕಳ ವಿಷಯದಲ್ಲಂತೂ ಮಲೇಷ್ಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗ, ಮೈನಸ್ ನಂಬರನ್ನು ಬೇಕೆಂದೇ ಕಡಿಮೆ ಕೊಟ್ಟಾಗ ನಂಬರ್ ಇನ್ನೂ ಬೇಗ ಏರಿದ್ದನ್ನು ತೋರಿಸಿತು. ಚಷ್ಮಾ ತೆಗೆದಾಗ ಮೊದಲಿಗಿಂತ ಹೆಚ್ಚು ಮಬ್ಬು ಎನ್ನಿಸುವುದಕ್ಕೆ ಕಾರಣ ಬೇರೆ. ಮೆದುಳು ಮಬ್ಬಿಗೂ ಒಗ್ಗಿರುತ್ತದೆ, ಒಗ್ಗಿದ್ದನ್ನು ಮಬ್ಬೆಂದು ಎಣಿಸುವುದಿಲ್ಲ. ಒಂದು ವಾರ ಸ್ಪಷ್ಟ ನೋಡಿದ ಮೇಲೆ ಹಳೆಯದರ ನಿಜಬಣ್ಣ ಗೊತ್ತಾಗುತ್ತದೆ. ವಯಸ್ಸಾಯಿತೆಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡಂತಾಗುತ್ತದೆ ಎಂಬ ಸಂಕೋಚಕ್ಕೆ ಹೇಳುವುದು ಹೆಚ್ಚೇನಿಲ್ಲ. ಐನೂರು ವರ್ಷದ ಹಿಂದೆ ವಿಜಯನಗರದಲ್ಲಿ ವ್ಯಾಸತೀರ್ಥರು ಕನ್ನಡಕದ ನೆರವಿನಿಂದ ಓದುತ್ತಿದ್ದರೆಂದು ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ ಬರುತ್ತದೆ. ಅವರ ವಿದ್ವತ್ತಿಗೆ ಅದರಿಂದ ಕುಂದೇನೂ ಬರಲಿಲ್ಲ.

ಕಪಾಟಿನಲ್ಲಿ ಮಲಗಿದ ಒಂದು ಚಷ್ಮಾದಿಂದ ಹೋಗುವುದೇನು? ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದು 2018ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹತ್ತಿರದ ಚಷ್ಮಾ ಸಿಕ್ಕವರು ಕಿತ್ತ ಎಲೆಯ ತೂಕ ಸಿಗದವರಿಗಿಂತ ಶೇ. 21ಕ್ಕೂ ಹೆಚ್ಚು ಏರಿತು. ನಮ್ಮ ಕಡೆ ಎಲೆ ಕೀಳುವ ಕೆಲಸವಿಲ್ಲ. ತೊಗರಿ, ಹೆಸರು, ಉದ್ದು ಹಸನು ಮಾಡುವ ಕೆಲಸವಿದೆ. ಮೊರದಲ್ಲಿ ಕಾಳಿನ ಬಣ್ಣದ ಹರಳು ಆರಿಸುವ ಹೆಂಗಸಿನ ಕಣ್ಣು ಅಸ್ಸಾಮಿನವಳ ಕಣ್ಣಿಗಿಂತ ಬೇರೆಯಲ್ಲ. ಇನ್ನು ಓದು. ಬೀದರ್ ಜಿಲ್ಲೆಯ ಒಬ್ಬ ಮನುಷ್ಯನ ಕಣ್ಣಿಗೆ ದಿನಕ್ಕೆ ಕನ್ನಡ, ಮರಾಠಿ, ಉರ್ದು, ತೆಲುಗು ಬೋರ್ಡುಗಳು ಬೀಳುತ್ತವೆ. ಮಬ್ಬು ಆವರಿಸಿದಾಗ ಪ್ರತಿ ಲಿಪಿಯಲ್ಲೂ ಮೊದಲು ಅಳಿಸುವುದು ಅತಿ ಚಿಕ್ಕ ಗುರುತು. ಕನ್ನಡದಲ್ಲಿ ಸಾಲಿನ ಕೆಳಗೆ ಕೂತ ಒತ್ತಕ್ಷರ ಕರಗುತ್ತದೆ; ಮರಾಠಿಯಲ್ಲಿ ನೆತ್ತಿಯ ಮೇಲಿನ ಅನುಸ್ವಾರದ ಚುಕ್ಕಿ ಹೋಗುತ್ತದೆ; ಉರ್ದುವಿನಲ್ಲಿ ಒಂದು ಚುಕ್ಕಿಯ ಬೇ, ಎರಡು ಚುಕ್ಕಿಯ ತೇ, ಮೂರು ಚುಕ್ಕಿಯ ಸೇ ಒಂದೇ ಆಗಿಬಿಡುತ್ತವೆ. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಸೀಮೆ ಇದು. ಇಲ್ಲಿ ಅಕ್ಷರ ಸುಲಭವಾಗಿ ಬಂದದ್ದಲ್ಲ. ಅಂಥ ಅಕ್ಷರವನ್ನು ನಲವತ್ತೈದಕ್ಕೆ ಸದ್ದಿಲ್ಲದೆ ಬಿಟ್ಟುಕೊಡುವವರನ್ನು, ಔಷಧದ ಪಟ್ಟಿಯನ್ನೋ ಪಹಣಿಯನ್ನೋ ಮೊಮ್ಮಗನ ಕೈಗೆ ಕೊಟ್ಟು ‘ಏನದ ನೋಡೋ’ ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಅದರಲ್ಲೂ ಅವರ ನಂಬರಿನ ಚಷ್ಮಾ ಮನೆಯಲ್ಲೇ ಇರುವಾಗ.

ದೇಶದಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ. ಆಗಿನಿಂದ ಶಿಬಿರಗಳು ನಡೆದಿವೆ, ಕನ್ನಡಕ ಹಂಚಿದ ಲೆಕ್ಕ ಬರೆದಿಟ್ಟಿದ್ದಾರೆ. ಹಂಚಿದ್ದನ್ನು ಎಣಿಸುವ ಜೊತೆಗೆ ಒಂದು ತಿಂಗಳ ಮೇಲೆ ಎಷ್ಟು ಮೂಗಿನ ಮೇಲಿವೆ ಎಂದೂ ಎಣಿಸಬೇಕು ಎಂಬುದು ನನ್ನ ಬೇಡಿಕೆ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ‘ಅವ್ವಾ, ಚಷ್ಮಾ ಹಾಕ್ಕೊಳ್ಳಾಕತ್ತೀರೇನ್ರಿ, ಹೆಂಗ ಕಾಣ್ತದ’ ಎಂದು ಕೇಳುವುದು ಕಷ್ಟದ ಕೆಲಸವಲ್ಲ, ಅದಕ್ಕೆ ಅವರಿಗೆ ಸಲ್ಲಬೇಕಾದ್ದು ಸಲ್ಲಿಸಿದರೆ. ಚಷ್ಮಾದ ಡಬ್ಬಿಯಲ್ಲಿ ಕನ್ನಡ, ಮರಾಠಿ, ಉರ್ದುವಿನಲ್ಲಿ ದಪ್ಪ ಅಕ್ಷರದ ಒಂದು ಚೀಟಿ ಇರಲಿ: ಮೊದಲ ವಾರ ಏನಾಗುತ್ತದೆ, ಯಾವುದು ತಾನಾಗಿ ಹೋಗುತ್ತದೆ, ಯಾವುದಕ್ಕೆ ವಾಪಸ್ ಬರಬೇಕು. ಅಂಗಡಿಗಳು ತಿಂಗಳೊಳಗೆ ಮರುಪರೀಕ್ಷೆಗೆ ದುಡ್ಡು ಕೇಳದಿರಲಿ. ಔರಾದದಿಂದ ಬೀದರಿಗೆ 40 ಕಿಲೋಮೀಟರಿಗೂ ಹೆಚ್ಚು. ವಾಪಸ್ ತೋರಿಸಲು ಬರುವವರಿಗೆ ಬಸ್ ಚಾರ್ಜಿನ ಜೊತೆ ಒಂದು ದಿನದ ಕೂಲಿಯೂ ಹೋಗುತ್ತದೆ. ಆದ್ದರಿಂದ ಮರುಪರೀಕ್ಷೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ವಾರದ ಸಂತೆಯ ದಿನವೇ ಇಡುವುದು ಒಳ್ಳೆಯದು. ಸಂತೆಗೆ ಹೇಗೂ ಬರುವವರು ಚೀಲದಲ್ಲಿ ಚಷ್ಮಾ ಹಾಕಿಕೊಂಡು ಬರುತ್ತಾರೆ. ಸಡಿಲಾದ ಕಾಡಿ ಬಿಗಿಮಾಡಲು ಎರಡು ನಿಮಿಷ ಸಾಕು. ಆಕ್ಸಿಸ್ ತಪ್ಪಿದ್ದರೆ ಬರೆದಿಟ್ಟುಕೊಂಡು ಮುಂದಿನ ಸಂತೆಯ ಹೊತ್ತಿಗೆ ಗಾಜು ಬದಲಿಸಿ ತರಿಸಬಹುದು.